ಪೇಶಂಟಿನ ಕಡೆಯವಳು

ಒದ್ದೆ ಬಟ್ಟೆ ಕಾಲ್ಬೆರಳಿಗೆ ತಾಗಿತು, ತಣ್ಣಗಿದೆ, ಫಿನಾಯಿಲಿನ ವಾಸನೆ ಮೂಗಿಗಿಂತ ಮೊದಲು ಕಣ್ಣಿಗೆ ಹತ್ತುತ್ತದೆ, ಕಾಲು ಎತ್ತಬೇಕು, ಎತ್ತಿದೆ, ನೆಲ ಒರೆಸುವ ಹೆಣ್ಣುಮಗಳು ನನ್ನ ಕಾಲು ಮಾತ್ರ ನೋಡುತ್ತಾಳೆ, ಮುಖ ನೋಡುವುದಿಲ್ಲ, ಒಳ್ಳೆಯದೇ, ಮುಖ ನೋಡಿದವರು ಪ್ರಶ್ನೆ ಕೇಳುತ್ತಾರೆ — ಏಳು ಶಂಕ್ರಮ್ಮ, ಬೆಳಗಾಯಿತು, ಸೆರಗು ಸರಿ ಮಾಡಿಕೋ, ಟಿಫಿನ್ ಡಬ್ಬಿ ಕಾಣುವ ಹಾಗೆ ಮುಂದಿಟ್ಟುಕೋ, ಪಕ್ಕದಲ್ಲಿ ಫ್ಲಾಸ್ಕು. ಡಬ್ಬಿ ಖಾಲಿ, ಫ್ಲಾಸ್ಕಿನ ಒಳಗಿನ ಗಾಜು ಯಾವಾಗಲೋ ಒಡೆದಿದೆ, ಆದರೂ ಇವೆರಡು ಕೈಯಲ್ಲಿದ್ದರೆ ನಾನು ಪೇಶಂಟಿನ ಕಡೆಯವಳು, ದವಾಖಾನೆಯ ವರಾಂಡದಲ್ಲಿ ಮಲಗಲು ಹಕ್ಕಿರುವವಳು, ಇಲ್ಲದಿದ್ದರೆ ಅದೇ ವರಾಂಡ, ಅದೇ ನೆಲ, ಅದೇ ನಾನು, ಆದರೆ ಎಬ್ಬಿಸಿ ಕಳಿಸಬೇಕಾದವಳು. ಒಂದು ಒಡೆದ ಫ್ಲಾಸ್ಕಿಗೆ ಇರುವ ಮರ್ಯಾದೆ ನನ್ನ ಐವತ್ತೈದು ವರ್ಷಕ್ಕಿಲ್ಲ. ಈ ಉಪಾಯ ನನಗೆ ಯಾರೂ ಹೇಳಿಕೊಡಲಿಲ್ಲ, ಬಸ್ ಸ್ಟ್ಯಾಂಡಿನಿಂದ ಎಬ್ಬಿಸಿದರು, ಜಗತ್ ಸರ್ಕಲ್ ಹತ್ತಿರ ಅರಿವೆ ಅಂಗಡಿಯ ಕಟ್ಟೆಯಿಂದ ಎಬ್ಬಿಸಿದರು, ಅಲ್ಲಿ ಅಂಗಡಿಯವರು ಕಟ್ಟೆಗೆ ನೀರು ಸುರಿದಿಡುತ್ತಾರೆ, ಯಾರೂ ಮಲಗಬಾರದೆಂದು, ಕುಡಿಯಲು ನೀರಿಲ್ಲದ ಬೇಸಿಗೆಯಲ್ಲಿ ನಾವು ಮಲಗದಿರಲು ಇವರಿಗೆ ನೀರಿದೆ — ಆಮೇಲೆ ದವಾಖಾನೆ ಹೊಳೆಯಿತು, ಜನ ಅಡ್ಡಾದಿಡ್ಡಿ ಮಲಗಿದರೂ ಯಾರೂ ಯಾಕೆ ಅನ್ನದ ಜಾಗ ಊರಿನಲ್ಲಿ ಇದೊಂದೇ.

ಆದರೆ ನನ್ನ ಪೇಶಂಟ್ ನಿನ್ನೆ ಮನೆಗೆ ಹೋದಳು, ಅದೇ ಈಗಿನ ಪಂಚಾಯಿತಿ. ಸೊಂಟ ಮುರಿದುಕೊಂಡ ಮುದುಕಿ, ಹಗಲು ಮಗ ಕೂಲಿಗೆ ಹೋದರೆ ನೋಡುವವರಿರಲಿಲ್ಲ, ನಾನೇ ನೀರು ಕುಡಿಸಿದೆ, ತಲೆ ಬಾಚಿದೆ, ಮಗ್ಗುಲು ಬದಲಿಸಿದೆ, ಅವಳಿಗೆ ಆಳಾಯಿತು, ನನಗೆ ನೆಲ ಆಯಿತು, ನಿನ್ನೆ ಅವಳು ಹೋಗುವಾಗ ನನ್ನ ಕೈ ಹಿಡಿದು ಅತ್ತಳು, ನಾನೂ ಅತ್ತೆ, ಅವಳು ತಿಳಿದುಕೊಂಡ ಕಾರಣಕ್ಕಲ್ಲ. ಅಗೋ ವಾಚ್‌ಮನ್ ಬಂದ, ಬಂದೇ ಬರುತ್ತಾನೆ, ಕೋಲಿನಿಂದ ಕಂಬಕ್ಕೆ ಬಡಿಯುತ್ತಾ, ಯಾರ ಕಡೆಯವ್ರ್ರಿ ನೀವು, ಆ ಬೆಡ್ ಖಾಲಿ ಆಗ್ಯಾದ, ನೀವ್ಯಾಕ ಇನ್ನ ಇಲ್ಲೇ ಇದ್ದೀರಿ. ಕೆಟ್ಟವನಲ್ಲ ಇವನು, ರೀ ಹಚ್ಚಿ ಮಾತಾಡುತ್ತಾನೆ, ಇಡೀ ಊರಿನಲ್ಲಿ ಒಬ್ಬರೂ ಕೆಟ್ಟವರಿಲ್ಲ, ಅದೇ ನನ್ನ ತಲೆನೋವು, ಯಾರ ಮೇಲಾದರೂ ಕಣ್ಣು ತುಂಬ ಸಿಟ್ಟು ಮಾಡೋಣವೆಂದರೆ ಎಲ್ಲರೂ ಒಳ್ಳೆಯವರು. ಮನಿ ಎಲ್ಲದ ನಿಮ್ದು, ಅನ್ನುತ್ತಾನೆ. ಕಮಲಾಪುರ, ಅಂದೆ, ನಾಲಿಗೆಗೆ ರೂಢಿಯಾಗಿದೆ. ಹಂಗಾದ್ರ ಬಸ್ ಹತ್ರಿ, ದೂರ ಏನದ. ದೂರ ಏನಿಲ್ಲ ತಮ್ಮಾ, ಹುಮನಾಬಾದ್ ಕಡೆಯ ಬಸ್ಸು ಹತ್ತಿ ಕಣ್ಣು ಮುಚ್ಚುವುದರೊಳಗೆ ಬರುತ್ತದೆ, ಬಸ್ಸು ಇಳಿದ ಮೇಲಿನದೇ ದೂರ, ಇದನ್ನು ಅವನಿಗೆ ಹೇಳಲಿಲ್ಲ, ಯಾರಿಗಂತ ಹೇಳುವುದು, ಹೇಳಿ ಹೇಳಿ ನನ್ನ ಕಥೆ ನನಗೇ ಹಳಸಲು ಅನ್ನದ ಹಾಗೆ ವಾಸನೆ ಬರುತ್ತಿದೆ.

ಮನೆ ಎಲ್ಲಿದೆ ಅಂತ ಕೇಳುತ್ತಾರೆ, ದುಡ್ಡಿದ್ದವರ ಬಡಾವಣೆ ಖೂಬಾ ಪ್ಲಾಟಿನಲ್ಲಿತ್ತು ಅಂದರೆ ನಗುತ್ತಾರೆ, ಆದರೆ ಇತ್ತಲ್ಲ, ನನ್ನ ಬಾಚಣಿಗೆ ಆ ಮನೆಯ ಕಿಟಕಿಯಲ್ಲಿತ್ತು, ನನ್ನ ಹಾಸಿಗೆ ವಿಮಲಾಬಾಯಿ ಅವ್ವಾರ ಪಲಂಗದ ಕಾಲ ಬಳಿ ಇತ್ತು, ಅವರಿಗೆ ಲಕ್ವ ಹೊಡೆದ ವರ್ಷ ಹೋದವಳು ನಾನು, ಉಣಿಸಿದೆ, ತೊಳೆದೆ, ಅವರ ಅರ್ಧ ಬಾಯಿಯ ಮಾತು ಹೊಟ್ಟೆಯ ಮಗ ವಿವೇಕಾನಂದನಿಗೇ ತಿಳಿಯುತ್ತಿರಲಿಲ್ಲ, ನಾನು ಬಿಡಿಸಿ ಹೇಳಬೇಕಿತ್ತು, ಹೊಸ ತೊಗರಿಯ ಬೇಳೆ ಬಂದರೆ ಅವರಿಗಿಂತ ಮೊದಲು ನನಗೆ ವಾಸನೆ ಹತ್ತುತ್ತಿತ್ತು, ಅದು ಮನೆಯಲ್ಲವೇ? ಶಿವರಾತ್ರಿ ಕಳೆದು ಅವರು ತೀರಿದರು. ದಿನಕರ್ಮ ಮುಗಿಸಿ ವಿವೇಕಾನಂದ ನನ್ನನ್ನು ಕೂಡಿಸಿಕೊಂಡು, ಶಂಕ್ರಮ್ಮಾ, ನೀವು ಮಗಳಕಿಂತ ಹೆಚ್ಚಾಗಿ ಮಾಡೀರಿ, ಆ ಋಣ ತೀರಸಾಕ ಆಗಂಗಿಲ್ಲ, ಅಂದ, ಸೀರೆ ಕೊಟ್ಟ, ಕೊಡಬೇಕಾದ್ದೆಲ್ಲ ಕೊಟ್ಟ, ಕಣ್ಣು ಒರೆಸಿಕೊಂಡ, ಮನೆ ಬಿಲ್ಡರನಿಗೆ ಮಾತಾಗಿದೆ ಅಂದ, ಬೀಗ ಹಾಕಿದ. ಎಲ್ಲವೂ ಒಂದೇ ಉಸಿರಿನಲ್ಲಿ. ಮಗಳಿಗಿಂತ ಹೆಚ್ಚಾದವಳು ಚೀಲ ಹಿಡಿದು ಗೇಟಿನ ಹೊರಗೆ ನಿಂತಿದ್ದೆ, ಮಗಳಾಗಿದ್ದರೆ ಪಾಲು ಕೇಳುತ್ತಿದ್ದೆ, ಆಳಾಗಿದ್ದರೆ ಜಗಳ ಆಡುತ್ತಿದ್ದೆ, ಹೆಚ್ಚಾದವಳು ಏನು ಮಾಡಬೇಕು, ಹೆಚ್ಚಾದದ್ದನ್ನು ಚೆಲ್ಲುತ್ತಾರೆ, ಅಷ್ಟೇ. ಗಂಡ ಸತ್ತಾಗ ಗಂಡನ ಮನೆ ಮೈದುನರದಾಯಿತು, ಈಗ ಅವ್ವಾರು ಸತ್ತಾಗ ಇದು ಬಿಲ್ಡರನದು, ನನಗೊಂದು ಸೂರಿರಬೇಕಾದರೆ ಯಾರೋ ಒಬ್ಬರು ಸಾಯದೇ ಇರಬೇಕು, ಇದೆಂಥ ಲೆಕ್ಕ.

ಕಮಲಾಪುರಕ್ಕೆ ಹೋಗಲಿಲ್ಲವೆಂದಲ್ಲ. ತಮ್ಮ ಪೀರಪ್ಪ ಬಸ್ಸಿಗೆ ಬಂದು ಚೀಲ ಇಸಿದುಕೊಂಡ, ನಾದಿನಿ ಕಾಲಿಗೆ ನೀರು ಕೊಟ್ಟಳು, ಹೋಳಿಗೆ ಮಾಡಿದಳು, ಊರಿಗೆ ಬಂದವರಿಗೆ ಮಾಡುವ ಹೋಳಿಗೆ, ಊರಿನವರಿಗೆ ಯಾರು ಮಾಡುತ್ತಾರೆ, ಆಗಲೇ ತಿಳಿಯಬೇಕಿತ್ತು ನನಗೆ. ಎರಡು ಖೋಲಿ, ಒಂದರಲ್ಲಿ ಬಾಣಂತಿ ಸೊಸೆ ಮತ್ತು ಕೂಸು, ಇನ್ನೊಂದರಲ್ಲಿ ಅವರಿಬ್ಬರು, ಪಡಸಾಲೆಯಲ್ಲಿ ಮಗ, ಅಡುಗೆಮನೆಯಲ್ಲಿ ಒಲೆಯ ಬದಿಗೆ ನಾನು, ಬೆಳಗಿನ ಜಾವ ಕೂಸಿಗೆ ನೀರು ಕಾಯಿಸಲು ಬಂದವರು ನನ್ನನ್ನು ದಾಟಿ ಹೋಗಬೇಕು, ದಾಟಿದರೆ ಪಾಪವೆಂದು ನಾನು ಏಳಬೇಕು, ಎದ್ದರೆ ಅಯ್ಯೋ ಮಲಗು ಅಕ್ಕಾ ಅನ್ನಬೇಕು, ಎಲ್ಲರಿಗೂ ಸುಸ್ತು. ಒಂದು ಸಂಜೆ ಪೀರಪ್ಪ ಬಾಳೆತೋಟದ ಬದುವಿನಲ್ಲಿ ನಿಂತು, ನನ್ನ ಕಡೆ ನೋಡದೆ, ಒಣ ಎಲೆ ಹರಿಯುತ್ತಾ ಹೇಳಿದ — ಅಕ್ಕಾ, ಬರಬ್ಯಾಡ ಅಂತ ನಾ ಎಂದೂ ಅನ್ನಂಗಿಲ್ಲ, ಆದ್ರ ಇರು ಅನ್ನಾಕ ನನ್ನ ಹಂತೇಲಿ ಜಾಗ ಇಲ್ಲ. ಅಷ್ಟು ನೆಟ್ಟಗೆ ಯಾರೂ ಹೇಳಿರಲಿಲ್ಲ, ಸಿಟ್ಟು ಬರಲಿಲ್ಲ, ಸಿಟ್ಟು ಬಂದಿದ್ದರೆ ಹಗುರಾಗುತ್ತಿತ್ತು. ಹೊರಡುವಾಗ ಕೆಂಪು ಬಾಳೆಯ ದೊಡ್ಡ ಚಿಪ್ಪು ಕೈಗಿಟ್ಟ, ತೋಟದ್ದು, ನಮ್ಮೂರಿನ ಹೆಸರು ಹೊತ್ತ ಹಣ್ಣು, ಅದನ್ನು ತೊಡೆಯ ಮೇಲಿಟ್ಟುಕೊಂಡು ಕಲಬುರಗಿ ಬಸ್ ಸ್ಟ್ಯಾಂಡಿನಲ್ಲಿ ಕೂತೆ, ಎಲ್ಲಿಗೆ ಹೋಗಬೇಕೆಂದು ತಿಳಿಯದೆ, ಬಂದವರೆಲ್ಲ ಹಣ್ಣು ಹ್ಯಾಂಗ ಕೊಟ್ರಿ ಅನ್ನುವವರೇ, ಪೊಲೀಸಿನವನು ಬಂದು ಇಲ್ಲಿ ವ್ಯಾಪಾರ ಮಾಡಬ್ಯಾಡ್ರಿ ಅಂದ, ವ್ಯಾಪಾರವಲ್ಲ ಅಂದರೆ ಹಂಗಾದ್ರ ಯಾಕ ಕೂತೀರಿ, ಕೂಡುವುದಕ್ಕೂ ಕಾರಣ ಕೇಳುವ ಊರು, ಬಾಳೆಹಣ್ಣೇ ಉಂಡು ಬಾಳೆಹಣ್ಣೇ ಹೊತ್ತು ತಿರುಗಿದೆ, ಸಿಪ್ಪೆ ಕಪ್ಪಾಗಿ ಕೈಗೆ ಅಂಟುವವರೆಗೆ.

ಮದಿಹಾ ಬಂದಳು, ಸ್ಕೂಟಿ ಗೇಟಿನಲ್ಲಿ ನಿಲ್ಲಿಸಿ ಕೈ ಎತ್ತುತ್ತಿದ್ದಾಳೆ, ವಾಚ್‌ಮನ್ನನಿಗೆ ನೆಮ್ಮದಿ, ನನ್ನ ಕಡೆಯವರು ಯಾರೋ ಇದ್ದಾರೆ. ಬೀದಿಯಲ್ಲಿ ಮಲಗುವವರಿಗಾಗಿ ದುಡಿಯುವ ಯಾವುದೋ ಸಂಸ್ಥೆಯ ಹುಡುಗಿ, ಒಳ್ಳೆಯವಳು, ಮತ್ತೆ ಒಳ್ಳೆಯವಳು, ಇವಳೇ ನನ್ನನ್ನು ಹಿಂದೆ ಒಂದು ಸಭೆಗೆ ಕರೆದೊಯ್ದಿದ್ದು, ಹೊರಗೆ ಡಾಂಬರು ಕರಗುವ ಬಿಸಿಲು, ಒಳಗೆ ವೇದಿಕೆಯ ಮೇಲೆ ಒಬ್ಬರು ಜನ ಯಾಕೆ ಬೀದಿಗೆ ಬೀಳುತ್ತಾರೆಂದು ವಿವರಿಸುತ್ತಿದ್ದರು, ಕುಡಿತ ಅಂದರು, ಸೋಮಾರಿತನ ಅಂದರು, ಕುಟುಂಬದ ಮೌಲ್ಯ ಕುಸಿದಿದೆ ಅಂದರು, ನಾನು ಮೂರನ್ನೂ ನನ್ನ ಮೈಮೇಲೆ ಹುಡುಕಿದೆ, ಸಿಗಲಿಲ್ಲ, ಆಮೇಲೆ ಎಲ್ಲರಿಗೂ ಒಂದೊಂದು ಉಣ್ಣೆಯ ಕಂಬಳಿ ಹೊದಿಸಿ ಫೋಟೋ ತೆಗೆದರು, ಕಲಬುರಗಿಯ ಮೇ ತಿಂಗಳಿನಲ್ಲಿ ಉಣ್ಣೆಯ ಕಂಬಳಿ ಹೊದ್ದು ನಕ್ಕೆವು, ನನಗೆ ಒಂದೇ ಚಿಂತೆ, ಸಂಡಾಸು ಎಲ್ಲಿದೆ, ಹೋಗಿ ಬರುವ ತನಕ ಈ ಕಂಬಳಿಯನ್ನೂ ಚೀಲವನ್ನೂ ಯಾರ ಕೈಗೆ ಕೊಡಲಿ. ಕೇಳಬೇಕಲ್ಲ ಒಬ್ಬರಾದರೂ, ಶಂಕ್ರಮ್ಮ, ನಿನಗೇನು ಬೇಕೆಂದು, ಹೇಳುತ್ತಿದ್ದೆ, ಹಗಲು ಚೀಲ ಇಡಲು ಒಂದು ಮೂಲೆ, ಹೆಂಗಸರು ಅಂಜದೆ ಹೋಗುವಂಥ ಸಂಡಾಸು, ಒಳಗಿನಿಂದ ನಾನೇ ಹಾಕಿಕೊಳ್ಳುವ ಚಿಲಕ, ನನ್ನ ಕೈಯಿಂದ ಹಾಕಿದ ಚಿಲಕ, ಅಷ್ಟಾದರೆ ದುಡಿದು ಉಣ್ಣುವುದು ನನಗೆ ಬರುತ್ತದೆ. ಆ ಸಭೆಯವರ ಆಸರೆ ಕೇಂದ್ರಕ್ಕೂ ಹೋಗಿದ್ದೆ, ಸ್ವಚ್ಛವಾಗಿದೆ, ಫ್ಯಾನಿದೆ, ಆದರೆ ಬೆಳಿಗ್ಗೆ ಎಲ್ಲರೂ ಚೀಲ ಸಮೇತ ಹೊರಬೀಳಬೇಕು, ಸಂಜೆ ಮತ್ತೆ ಸಾಲಿನಲ್ಲಿ ನಿಲ್ಲಬೇಕು, ಜಾಗ ತುಂಬಿದರೆ ನಾಳೆ ಬನ್ನಿ, ರಾತ್ರಿ ಮಾತ್ರ ಮನೆಯಿಲ್ಲದವರು ನಾವು, ಹಗಲು ಎಲ್ಲಿಗೋ ಆವಿಯಾಗಿ ಹೋಗುತ್ತೇವೆಂದು ಯಾರೋ ಕುರ್ಚಿಯಲ್ಲಿ ಕೂತು ತಿಳಿದುಕೊಂಡಿದ್ದಾರೆ.

ಸ್ಕೂಟಿ ಓಡುತ್ತಿದೆ, ಬಿಸಿ ಗಾಳಿ ಬಾಯಿಗೆ ನುಗ್ಗುತ್ತದೆ, ಮದಿಹಾ ತಿರುಗಿ ಕೂಗಿ ಹೇಳುತ್ತಾಳೆ, ಅಮ್ಮಾ, ಇನ್ನ ಫಿಕರ್ ಮಾಡಬ್ಯಾಡ್ರಿ, ಕುಸನೂರದಾಗ ಪಕ್ಕಾ ಮನಿ, ಕೆಲಸಾನೂ ಆತು, ಇರೂದೂ ಆತು, ಊಟಾನೂ ಆತು. ಯಾರನ್ನು ನೋಡಿಕೊಳ್ಳಬೇಕವ್ವಾ, ಅಂದೆ. ಆ ಮನಿಯಾಕಿ ಅತ್ತಿನ್ನ, ಭಾಳ ವಯಸ್ಸಾಗ್ಯಾದ, ಹಾಸಿಗಿ ಹಿಡ್ದಾರ. ಮದಿಹಾಳ ಬೆನ್ನು ನೋಡಿದೆ, ಎಷ್ಟು ಸಂತೋಷವಿದೆ ಆ ಬೆನ್ನಿನಲ್ಲಿ, ಒಂದು ಸಮಸ್ಯೆ ಬಗೆಹರಿಸಿದ ಬೆನ್ನು, ಅದಕ್ಕೆ ಏನು ಹೇಳಲಿ, ಎಲ್ಲಿಂದ ಬಿದ್ದೆನೋ ಅದೇ ಮಾಳಿಗೆಗೆ ಮತ್ತೆ ಹತ್ತಿಸುತ್ತಿದ್ದೀಯವ್ವಾ ಅನ್ನಲೇ, ಬೇಡ ಅನ್ನಲೇ, ಬೇಡ ಅನ್ನಲು ಆ ವರಾಂಡದಲ್ಲಿ ನನ್ನ ಪೇಶಂಟಿಲ್ಲ. ಹೊಲಗಳೆಲ್ಲ ಪ್ಲಾಟಾಗಿವೆ ಇಲ್ಲಿ, ಕಲ್ಲು ನೆಟ್ಟ ಬಯಲು ಕಣ್ಣು ಹಾಯಿಸಿದಷ್ಟೂ, ಯಾರೂ ಕಟ್ಟದ, ಯಾರೂ ಮಲಗದ ಜಾಗ, ಇಷ್ಟೊಂದು ಖಾಲಿ ಇಟ್ಟುಕೊಂಡು ಜಾಗವಿಲ್ಲ ಅನ್ನುತ್ತದೆ ಊರು, ಯಾರಿಗಾದರೂ ಹೇಳಿದರೆ ಅದು ಬೇರೆ ವಿಷಯ ಅನ್ನುತ್ತಾರೆ, ಹೌದು, ಎಲ್ಲವೂ ಬೇರೆ ಬೇರೆ ವಿಷಯ.

ಸೌಂದರ್ಯಾ ಬಾಗಿಲು ತೆಗೆದಳು, ಶಾಲೆಯ ಟೀಚರಂತೆ, ದಣಿದ ಕಣ್ಣು, ಒಬ್ಬಳೇ ಎಷ್ಟಂತ ಮಾಡಲಿ ರೀ ಅಂತ ಮೊದಲ ಮಾತಿನಲ್ಲೇ ಅಂದಳು, ಸುಳ್ಳಲ್ಲ ಅದೂ, ಅತ್ತೆಯ ಖೋಲಿ ತೋರಿಸಿದಳು, ಪಲಂಗದ ಪಕ್ಕದ ನೆಲ ತೋರಿಸಿದಳು, ಇಲ್ಲೇ ಮಲ್ಕೋಬಹುದು, ಯಾವಾಗಿಂದ ಬರ್ತೀರಿ, ಮದಿಹಾ ನನ್ನ ಪರವಾಗಿ ಇವತ್ತೇ ಅಂದುಬಿಟ್ಟಳು, ಎಲ್ಲ ಮುಗಿದಿತ್ತು, ಚಹಾ ಬರುವುದರಲ್ಲಿತ್ತು, ಆಗ ನನ್ನ ಬಾಯಿಂದಲೇ ಹೊರಟಿತು, ಖೂಬಾ ಪ್ಲಾಟಿನಲ್ಲಿ ಇಷ್ಟು ವರ್ಷ ಕೇಳದೇ ನುಂಗಿದ್ದು, ಮೆಲ್ಲಗೇ ಕೇಳಿದೆ — ತಂಗೀ, ಇವರು ಹೋದ ಮ್ಯಾಗ ನಾ ಎಲ್ಲಿಗಿ ಹೋಗಲಿ? ಮದಿಹಾ ಮೊಣಕೈ ತಿವಿದಳು. ಸೌಂದರ್ಯಾಳ ಮುಖದ ಬಣ್ಣ ಹೋಯಿತು, ಬಂದ ಕೂಡ್ಲೆ ಅದೇನ್ ಮಾತ್ರೀ, ಅವ್ವಗ ಕೇಳಸ್ತದ, ಅಂದಳು. ಕೇಳಿಸಿತ್ತು. ಗೋಡೆಯ ಕಡೆ ಮಲಗಿದ್ದ ಮುದುಕಿ ಕುತ್ತಿಗೆ ತಿರುಗಿಸದೆಯೇ, ಖರೆ ಕೇಳ್ಯಾಳ, ಹೇಳ್ರಿ ಆಕಿಗಿ, ಅಂದಳು. ಸ್ಟೀಲಿನ ಲೋಟದಲ್ಲಿ ಚಹಾ ಬಂತು. ಆ ಟೈಮ್ ಬಂದಾಗ ನೋಡೋಣ ತಗೋರಿ ಅಂದಳು ಸೌಂದರ್ಯಾ, ಮದಿಹಾ ಮೆಟ್ಟಿಲಿಳಿಯುತ್ತಾ ನನ್ನ ಕಿವಿಯಲ್ಲಿ, ಹಂಗೇನರ ಆದ್ರ ನನಗ ಫೋನ್ ಮಾಡ್ರಿ, ಇನ್ನೊಂದು ಮನಿ ಹುಡುಕೋಣ, ಇನ್ನೊಂದು ಮನೆ ಅಂದರೆ ಇನ್ನೊಂದು ಪಲಂಗ, ಅದರ ಮೇಲೆ ಇನ್ನೊಬ್ಬರು, ಮದಿಹಾ ಅದನ್ನು ಯೋಚಿಸಿರಲಿಕ್ಕಿಲ್ಲ, ಯೋಚಿಸದೆಯೇ ಹೋದಳು, ಸೌಂದರ್ಯಾ ಶಾಲೆಗೆ ಹೋದಳು.

ಮಧ್ಯಾಹ್ನ, ಮನೆ ತುಂಬ ಸದ್ದಿಲ್ಲ, ಫ್ಯಾನು ತಿರುಗುತ್ತಿದೆ, ನನಗಾಗಿ ಹಾಸಿದ ಚಾಪೆ ಹೊಸದು, ಮಲಗಬಹುದು, ಬೆನ್ನು ಬೇಡುತ್ತಿದೆ, ಎಷ್ಟೋ ವಾರದ ನಿದ್ದೆ ಕಣ್ಣಿನಲ್ಲಿ ಕೂತಿದೆ, ಆದರೆ ಮಲಗುತ್ತಿಲ್ಲ, ಮುದುಕಿಗೆ ಗಂಜಿ ಕುಡಿಸಿದೆ, ಬಾಯಿ ಒರೆಸಿದೆ, ನಿನ್ನ ಹೆಸರೇನು ಅಂದಳು, ಶಂಕ್ರಮ್ಮ ಅಂದೆ, ಈ ಮನಿ ನಂದಲ್ಲ ಶಂಕ್ರಮ್ಮಾ, ನಾ ದೊಡ್ಡ ಮಗನ ಮನ್ಯಾಗ ಇದ್ದಾಕಿ, ಇಲ್ಲಿಗಿ ತಂದು ಬಿಟ್ಟಾರ, ಅಂದಳು, ನಿದ್ದೆ ಹೋದಳು, ನಾನು ಮೊಣಕಾಲೂರಿ ಕೂತು ಅವಳನ್ನು ನೋಡುತ್ತಿದ್ದೇನೆ, ಮಗಳು ನೋಡುವ ಹಾಗಲ್ಲ, ಡಾಕ್ಟರು ನೋಡುವ ಹಾಗೂ ಅಲ್ಲ, ಹಳೆಯ ಮಾಳಿಗೆಯ ಕೆಳಗೆ ನಿಂತವರು ತೊಲೆ ನೋಡುವ ಹಾಗೆ, ಥೂ, ಎಂಥ ನೋಟ ಕಲಿಸಿದಿರಿ ನನಗೆ ಎಲ್ಲರೂ ಸೇರಿ, ಅವಳ ಕೊರಳ ಬುಡದಲ್ಲಿ ಒಂದು ಕುಳಿ ಇದೆ, ಹೆಬ್ಬೆರಳು ಹಿಡಿಯುವಷ್ಟು, ಉಸಿರು ಎಳೆದಾಗ ಒಳಗೆ ಹೋಗುತ್ತದೆ, ಬಿಟ್ಟಾಗ ಮೇಲೆ ಬರುತ್ತದೆ, ಹೊರಗೆ ತಟ್ಟೆ ಮಾರುವವನು ಕೂಗಿ ಹೋದ, ಒಳಗೆ, ಮೇಲೆ, ರಾತ್ರಿಗೆ ರೊಟ್ಟಿಯೋ ಅನ್ನವೋ ಕೇಳಬೇಕಿತ್ತು, ಒಳಗೆ, ಮೇಲೆ, ಒಳಗೆ — ಒಳಗೇ ಉಳಿಯಿತು, ನನ್ನ ಉಸಿರೂ ಉಳಿಯಿತು, ಬಾ ಅವ್ವಾ, ಮೇಲೆ ಬಾ — ಬಂತು. ಒಳಗೆ. ಮೇಲೆ. ಕೊರಳ ಬುಡದ ಆ ಕುಳಿ. ಒಳಗೆ. ಮೇಲೆ. ಆ ಕುಳಿ.