ಬರಬೇಕಾದ ಉತ್ತರ

"ಒಂದು ಪಾಯಿಂಟ್ ನಾಲ್ಕು ಹೆಂಗ ಬರ್ತೈತಿ? ಒಂದು ಪಾಯಿಂಟ್ ಏಳು ಬರಬೇಕಲ್ಲ," ಎಂದಳು ಸಿದ್ದೇಶ್ವರಿ, ಹಿಟ್ಟು ಮೆತ್ತಿದ ಕೈಯನ್ನು ಒರೆಸಿಕೊಳ್ಳುತ್ತ.

"ಬಂದಿದ್ದು ಅಷ್ಟೇ ಅಮ್ಮ. ಐದು ಸಲ ಮಾಡಿದೆ. ಎವ್ರಿ ಟೈಮ್ ಅದೇ," ಎಂದಳು ಮಗಳು ಚೇತನ.

ಕಾರನ್ನು ಹೊರಗೆ ನಿಲ್ಲಿಸಿ, ಗ್ಯಾರೇಜಿನಲ್ಲಿ ಇಟ್ಟಿಗೆಗಳ ಮೇಲೆ ಹಲಗೆಯೊಂದನ್ನು ಓರೆಯಾಗಿ ಇಟ್ಟುಕೊಂಡು, ಹುಡುಗಿ ಬೆಳಗಿನಿಂದ ಅದರ ಮುಂದೆಯೇ ಕೂತಿದ್ದಳು. ಶಾಲೆಯಿಂದ ತಂದ ಪುಟ್ಟ ಟ್ರಾಲಿಯನ್ನು ಮೇಲಿನಿಂದ ಬಿಡುವುದು, ಫೋನಿನಲ್ಲಿ ವಿಡಿಯೊ ತೆಗೆಯುವುದು, ಅದು ಹಲಗೆಯ ಮೇಲೆ ಎಳೆದ ಒಂದೊಂದು ಗೆರೆ ದಾಟಿದ ಸಮಯದಿಂದ ವೇಗ ಲೆಕ್ಕ ಹಾಕುವುದು, ವೇಗ ಏರುತ್ತ ಹೋದ ಬಗೆಯಿಂದ ವೇಗೋತ್ಕರ್ಷ ಕಂಡುಹಿಡಿಯುವುದು. ಹತ್ತನೇ ಗ್ರೇಡಿನ ಪ್ರಯೋಗ. ಆದರೆ ಕೌಂಟಿಯ, ಅಂದರೆ ಅಮೆರಿಕದ ಈ ಜಿಲ್ಲೆಯ, ಸೈನ್ಸ್ ಅಕಾಡೆಮಿಗೆ ಸೇರಬೇಕೆಂದರೆ ಫಿಸಿಕ್ಸ್ ಟೀಚರ್ ಮಿಸ್ ವಿಟ್ಲೊ ಅವರ ಶಿಫಾರಸು ಬೇಕು, ಆ ಶಿಫಾರಸಿಗೆ ಈ ರಿಪೋರ್ಟು ಬೇಕು. ಎರಡು ವರ್ಷದಿಂದ ಚೇತನ ಬೇರೆ ಏನನ್ನೂ ಆಸೆಪಟ್ಟವಳಲ್ಲ.

ಸಿದ್ದೇಶ್ವರಿ ಗದಗಿನ ಪಿಯು ಕಾಲೇಜಿನಲ್ಲಿ ಫಿಸಿಕ್ಸ್ ಲೆಕ್ಚರರ್ ಆಗಿದ್ದವಳು. ಪ್ರಾಕ್ಟಿಕಲ್ ಪರೀಕ್ಷೆಯ ದಿನ ಅಲ್ಲಿ ಉಪಕರಣವನ್ನು ನಂಬುವವರು ಯಾರಿದ್ದರು? ಸ್ಟಾಪ್‌ವಾಚಿನ ಮುಳ್ಳು ತನಗೆ ಬೇಕಾದಲ್ಲಿ ನಿಲ್ಲುತ್ತಿತ್ತು. ಹೊರಗಿನಿಂದ ಬಂದ ಪರೀಕ್ಷಕರಿಗೆ ಊರಿಗೆ ಹೋಗುವ ಬಸ್ಸಿನ ಚಿಂತೆ. ಹಾಗಾಗಿ ಬರಬೇಕಾದ ಉತ್ತರವನ್ನು ಮೊದಲು ಇಟ್ಟುಕೊಂಡು, ಅಲ್ಲಿಂದ ಹಿಂದಕ್ಕೆ ಬಂದು ರೀಡಿಂಗ್ ಬರೆಯುವುದನ್ನು ಎಲ್ಲ ಲೆಕ್ಚರರ್‌ಗಳೂ ಹೇಳಿಕೊಡುತ್ತಿದ್ದರು, ಅದೂ ಬಾಗಿಲು ತೆರೆದಿಟ್ಟುಕೊಂಡೇ. ಇದು ಮೋಸ ಎಂದು ಯಾರಿಗೂ ಅನ್ನಿಸಿರಲಿಲ್ಲ. ಮಕ್ಕಳು ಪಾಸಾಗಬೇಕಲ್ಲ, ಅಷ್ಟೇ.

"ಇತ್ತಾಗ ಸರಿ," ಎಂದು ಆಕೆ ಲ್ಯಾಪ್‌ಟಾಪನ್ನು ತನ್ನ ಕಡೆ ಎಳೆದುಕೊಂಡಳು. ಒಂದೊಂದೇ ಅಂಕಿ ಬದಲಾಯಿತು. ಎಲ್ಲವೂ ಒಂದೇ ಥರ ಇದ್ದರೆ ಅನುಮಾನ ಬರುತ್ತದೆಂದು ಅಲ್ಲಲ್ಲಿ ಚೂರು ಹೆಚ್ಚುಕಡಿಮೆ ಮಾಡಿದಳು. ಕೈ ಇನ್ನೂ ಮರೆತಿರಲಿಲ್ಲ. ಎಷ್ಟೋ ವರ್ಷಗಳ ನಂತರ ತನ್ನ ವಿದ್ಯೆ ಮಗಳ ಉಪಯೋಗಕ್ಕೆ ಬಂತೆಂದು, ಪಾಪ, ಆಕೆಗೆ ಖುಷಿಯೇ ಆಗಿತ್ತು.

"ಬಟ್ ಅಮ್ಮ, ಅದು ಹಾಗೆ ಆಗ್ಲಿಲ್ಲ."

"ಆಗಿದ್ದನ್ನ ಯಾರು ಕೇಳ್ತಾರ? ನಾ ಎಷ್ಟು ಮಂದಿಗೆ ಕಲಿಸೀನಿ ಗೊತ್ತೈತಿಲ್ಲೋ? ಸಬ್ಮಿಟ್ ಮಾಡು."

ಚೇತನ ಟ್ರಾಲಿಯ ಕಡೆ ಒಮ್ಮೆ ನೋಡಿ ಸಬ್ಮಿಟ್ ಮಾಡಿದಳು.

ಚೇತನಳ ರೀಡಿಂಗ್ ಬಗ್ಗೆ ಮಾತಾಡಬೇಕು, ಬನ್ನಿ ಎಂದು ಶಾಲೆಯಿಂದ ಮೇಲ್ ಬಂದದ್ದು ಮುಂದಿನ ವಾರ. ಗಂಡ ಕಲ್ಮೇಶ್ ಡೇಟಾ ಸೆಂಟರಿನ ಶಿಫ್ಟಿನಲ್ಲಿದ್ದ. ತಾಯಿ ಮಗಳು ಇಬ್ಬರೇ ಹೋದರು. ಅಸಿಸ್ಟೆಂಟ್ ಪ್ರಿನ್ಸಿಪಾಲರ ಕೋಣೆಯಲ್ಲಿ ಮಿಸ್ ವಿಟ್ಲೊ ಪರದೆಯ ಮೇಲೆ ಚೇತನಳದೇ ವಿಡಿಯೊ ಹಾಕಿದರು. ರಿಪೋರ್ಟಿನ ಜೊತೆ ವಿಡಿಯೊ ಕಳಿಸುವುದು ಕಡ್ಡಾಯ ಎನ್ನುವುದು ಸಿದ್ದೇಶ್ವರಿಗೆ ಗೊತ್ತಿರಲಿಲ್ಲ. ಗೊತ್ತಿದ್ದ ಮಗಳು ಹೇಳಿರಲಿಲ್ಲ. ಅಥವಾ ಹೇಳಿದ್ದಳೇನೋ, ಕೇಳುವ ವ್ಯವಧಾನ ಯಾರಿಗಿತ್ತು?

"ವಿಡಿಯೊ ಪ್ರಕಾರ ಒಂದು ಪಾಯಿಂಟ್ ನಾಲ್ಕು," ಎಂದರು ಮಿಸ್ ವಿಟ್ಲೊ ಇಂಗ್ಲಿಷಿನಲ್ಲಿ. ಅವರ ದನಿಯಲ್ಲಿ ಸಿಟ್ಟಿರಲಿಲ್ಲ, ಇದ್ದಿದ್ದರೆ ವಾಸಿಯಿತ್ತು. "ಎಲ್ಲರಿಗೂ ಕಡಿಮೆಯೇ ಬಂದಿದೆ. ಚಕ್ರದಲ್ಲಿ ಘರ್ಷಣೆ ಇದೆಯಲ್ಲ. ಯಾಕೆ ಕಡಿಮೆ ಬಂತು ಎಂದು ಬರೆಯುವುದೇ ಈ ಪ್ರಯೋಗ. ಸರಿಯಾಗಿ ಬಂದದ್ದು ನಿನಗೊಬ್ಬಳಿಗೇ."

ನಾನೇ ಮಾಡಿದ್ದು, ನಮ್ಮ ಕಡೆ ಹೀಗೇ ರೂಢಿ, ಮಗಳದೇನೂ ತಪ್ಪಿಲ್ಲ: ಮೂರೂ ವಾಕ್ಯಗಳನ್ನು ಸಿದ್ದೇಶ್ವರಿ ದಾರಿಯುದ್ದಕ್ಕೂ ಇಂಗ್ಲಿಷಿನಲ್ಲಿ ಕಟ್ಟಿಕೊಂಡೇ ಬಂದಿದ್ದಳು. ಆದರೆ ಇದೇ ಕೌಂಟಿಯ ಇನ್ನೊಂದು ಶಾಲೆಯಲ್ಲಿ ಆಕೆಗೆ ಸೈನ್ಸ್ ಟೀಚರ್ ಕೆಲಸ ಸಿಕ್ಕಿತ್ತು. ಈ ಸ್ಟರ್ಲಿಂಗ್ ಊರಿಗೆ ಬಂದು ಹನ್ನೊಂದು ವರ್ಷ, ಮೊದಲು ವೀಸಾದ ತಡೆ, ಆಮೇಲೆ ಲೈಸೆನ್ಸಿನ ಪರೀಕ್ಷೆಗಳು. ಸೋಮವಾರ ಹೋಗಿ ಸಹಿ ಹಾಕುವುದೊಂದೇ ಬಾಕಿ. ರೀಡಿಂಗ್ ತಿದ್ದಿಕೊಟ್ಟವಳನ್ನು ಯಾವ ಕೌಂಟಿ ಪಾಠಕ್ಕೆ ನಿಲ್ಲಿಸುತ್ತದೆ?

"ಈ ಅಂಕಿಗಳನ್ನು ಹಾಕುವುದಕ್ಕೆ ಯಾರಾದರೂ ಸಹಾಯ ಮಾಡಿದ್ದರೇ?" ಅಸಿಸ್ಟೆಂಟ್ ಪ್ರಿನ್ಸಿಪಾಲ್ ಕೇಳಿದರು.

ಚೇತನ ತಾಯಿಯ ಕಡೆ ತಿರುಗಿದಳು. ಸುಮ್ಮನೆ ನೋಡಿದಳು, ಅಷ್ಟೇ. ಬಾಯಿ ತೆರೆಯುವುದಕ್ಕೆ ಬೇಕಾದಷ್ಟು ಸಮಯವಿತ್ತು. ಸಿದ್ದೇಶ್ವರಿ ಮಡಿಲಲ್ಲಿದ್ದ ಪರ್ಸಿನ ಜಿಪ್ಪನ್ನು ಎಳೆದಳು, ಮತ್ತೆ ಮುಚ್ಚಿದಳು.

"ನೋ," ಎಂದಳು ಚೇತನ. "ಜಸ್ಟ್ ಮಿ."

ಮಿಸ್ ವಿಟ್ಲೊ ತಲೆ ತಗ್ಗಿಸಿದರು. ಪ್ರಯೋಗಕ್ಕೆ ಸೊನ್ನೆ, ದಾಖಲೆಯಲ್ಲಿ ಒಂದು ಟಿಪ್ಪಣಿ. ಅಕಾಡೆಮಿಗೆ ಈ ವರ್ಷ ತಾನು ಶಿಫಾರಸು ಬರೆಯಲಾರೆ, ತನಗೂ ಬೇಸರವಾಗಿದೆ ಎಂದರು. ಹೊರಡುವಾಗ ಸಿದ್ದೇಶ್ವರಿಯ ಕೈ ಹಿಡಿದು, "ನೀವೂ ನಮ್ಮ ಜೊತೆ ಸೇರುತ್ತಿದ್ದೀರಂತೆ, ಚೇತನ ಎಷ್ಟು ಹೆಮ್ಮೆಯಿಂದ ಹೇಳಿದ್ದಳು," ಎಂದರು. ಆ ಕೈಯನ್ನು ಬಿಡಿಸಿಕೊಂಡು ಓಡಿಹೋಗಬೇಕೆನ್ನಿಸಿತು ಆಕೆಗೆ. "ಥ್ಯಾಂಕ್ ಯು," ಎಂದಳು.

ಕಾರು ಅರ್ಧ ದಾರಿಗೆ ಬಂದು ಸಿಗ್ನಲಿನಲ್ಲಿ ನಿಂತಿತು.

"ನಾ ಹೇಳೋಳಿದ್ದೆ, ಬಂಗಾರ," ಎಂದಳು ಸಿದ್ದೇಶ್ವರಿ ಕೊನೆಗೆ.

"ಯಾವಾಗ?"

ಸಿಗ್ನಲ್ ಹಸಿರಾಗಿ ಹಿಂದಿನ ಕಾರಿನವನು ಹಾರ್ನ್ ಹೊಡೆದ. ಚೇತನ ಕಿಟಕಿಯ ಕಡೆ ಮುಖ ಮಾಡಿ, "ಇಟ್ಸ್ ಫೈನ್ ಅಮ್ಮ. ನಿಂಗೆ ಆ ಜಾಬ್ ಬೇಕು. ಐ ಗೆಟ್ ಇಟ್," ಎಂದಳು. ಒಂದೆರಡು ಬೈದಿದ್ದರೂ ತಾಯಿಯ ಹೊಟ್ಟೆ ತಣ್ಣಗಾಗುತ್ತಿತ್ತು. ಬೈಯಲಿಲ್ಲ.

ಶಾಲೆಯ ತೀರ್ಮಾನದ ಮೇಲ್ ಕಲ್ಮೇಶನಿಗೂ ಹೋಗಿತ್ತು. ಸಂಜೆ ಊಟಕ್ಕೆ ಕೂತವನು ರೊಟ್ಟಿ ಮುರಿಯುತ್ತಲೇ ಶುರುಮಾಡಿದ. ಒಳ್ಳೆಯ ಮನುಷ್ಯ, ಮಗಳೆಂದರೆ ಜೀವ. ಅದಕ್ಕೇ ಅಷ್ಟು ಉರಿದುಹೋಗಿದ್ದ.

"ಅವ್ವ ಫಿಸಿಕ್ಸ್ ಲೆಕ್ಚರರ್. ಆಕಿ ಮಗಳಾಗಿ ಸುಳ್ಳ ಅಂಕಿ ಬರಿಯೂ ಕೆಲಸ ಮಾಡ್ತಿ ಏನ? ನಾಚಿಕಿ ಅನ್ನೂದು ಐತಿಲ್ಲೋ ನಿನಗ? ಆಕಿ ಸೋಮವಾರ ಯಾವ ಮುಖಾ ಹೊತಗೊಂಡು ಆ ಸಾಲಿಗೆ ಹೋಗಬೇಕು?"

ಚೇತನ ತಟ್ಟೆ ನೋಡಿಕೊಂಡು ಕೂತಿದ್ದಳು. ಇಲ್ಲಿ ಕೌಂಟಿಯವರಿರಲಿಲ್ಲ, ಬರೆದುಕೊಳ್ಳುವವರಿರಲಿಲ್ಲ. ಇದ್ದವನು ಗಂಡ. ಹೇಳಿದ್ದರೆ ಎರಡು ದಿನ ಕೂಗಾಡುತ್ತಿದ್ದ, ಮೂರನೇ ದಿನ ಸುಮ್ಮನಾಗುತ್ತಿದ್ದ. ಸಿದ್ದೇಶ್ವರಿಗೆ ಇದೆಲ್ಲ ಗೊತ್ತಿತ್ತು. ಆದರೆ ಕಲ್ಮೇಶ್ ನೆಂಟರಿಗೆಲ್ಲ ಫೋನ್ ಮಾಡಿ, ಇಲ್ಲಿಯೂ ಅವಳು ಟೀಚರ್ ಆದಳು ಎಂದು ಹೇಳಿಯಾಗಿತ್ತು. ಅವನು ಈಗ ಅವಳನ್ನೇ ನೋಡುತ್ತಿದ್ದ. "ನೀನರ ಹೇಳ ಆಕಿಗೆ. ಸುಮ್ಮನ ಕುಂತೀಯಲ್ಲ," ಎಂದ.

ಮಗಳು ತಲೆಯೆತ್ತಿದಳು.

"ಇನ್ನೊಮ್ಮೆ ಹಂಗ ಮಾಡಬ್ಯಾಡವಾ," ಎಂದಳು ಸಿದ್ದೇಶ್ವರಿ. ದನಿ ಚೆನ್ನಾಗಿಯೇ ಬಂತು, ಕ್ಲಾಸಿನಲ್ಲಿ ಬರುತ್ತಿದ್ದ ಹಾಗೆ.

"ಆಯ್ತು ಅಮ್ಮ," ಎಂದಳು ಚೇತನ. "ಇನ್ಮೇಲೆ ಮಾಡಲ್ಲ."

ಊಟ ಮುಗಿದ ಮೇಲೆ ಎದ್ದು ಎಲ್ಲರ ತಟ್ಟೆಗಳನ್ನೂ ಸಿಂಕಿಗೆ ಒಯ್ದಳು. ಅಪ್ಪನ ತಟ್ಟೆ ತೊಳೆದಳು, ತನ್ನ ತಟ್ಟೆ ತೊಳೆದಳು. ಎರಡನ್ನೂ ಒರೆಸಿ ಕಪಾಟಿನಲ್ಲಿಟ್ಟು, ಅಡುಗೆಮನೆಯ ದೀಪ ಆರಿಸಿ ಮೆಟ್ಟಿಲು ಹತ್ತಿದಳು. ಮೂರನೆಯ ತಟ್ಟೆ ಸಿಂಕಿನಲ್ಲೇ ಇತ್ತು.