ಖಾಲಿ ಸೊಂಟ

ಶಿಶುವಿಹಾರ ತೆರೆದರೆ ಇಬ್ಬರು ಮಕ್ಕಳು ಉದ್ಧಾರವಾಗುತ್ತಾರೆ, ಕೂಸು ಇಲ್ಲಿ ಕಲಿಯುತ್ತದೆ, ಅದನ್ನು ಹೊತ್ತು ತಿರುಗುವ ಅಕ್ಕ ಶಾಲೆಗೆ ಹೋಗುತ್ತಾಳೆ ಎಂದು ಸಾಗರದ ತರಬೇತಿ ಕಾಲೇಜಿನ ವಿಶಾಲಮ್ಮ ಮೇಡಂ ಮೇಲಿಂದ ಮೇಲೆ ಹೇಳುತ್ತಿದ್ದರು. ಉಳಿದ ಹುಡುಗಿಯರು ಅದನ್ನು ಪರೀಕ್ಷೆಗೆಂದು ಉರು ಹೊಡೆದರು. ಹೂವಮ್ಮ ಮಾತ್ರ ನಂಬಿಬಿಟ್ಟಳು.

ನಂಬದೆ ಏನು ಮಾಡಿಯಾಳು? ಹುಂಚದ ಹತ್ತಿರದ ಊರಲ್ಲಿ ಅವಳಪ್ಪ ಗುತ್ಯಪ್ಪ ತೀರ್ಥಹಳ್ಳಿಯ ಒಡೆಯರ ಗದ್ದೆಯನ್ನು ಗೇಣಿಗೆ ಮಾಡುತ್ತಿದ್ದ. ಅವಳು ಓದಲು ಹೊರಟ ದಿನ ಅವಳ ಸೊಂಟದಿಂದ ಇಳಿದ ತಮ್ಮ ನೇರ ತಂಗಿ ಕನ್ನಮ್ಮನ ಸೊಂಟ ಏರಿದ್ದ. ಕನ್ನಿಯ ಶಾಲೆ ಎರಡನೇ ಕ್ಲಾಸಿಗೇ ನಿಂತುಹೋಯಿತು. ಆಮೇಲೆ ಆ ಹುಡುಗಿ ಕೂಸಿಲ್ಲದೆ ನಿಂತಾಗಲೂ ಒಂದು ಕಡೆ ವಾಲಿಕೊಂಡೇ ನಿಲ್ಲುತ್ತಿದ್ದಳು. ರಜೆಗೆ ಬಂದು ಅದನ್ನು ಕಂಡಾಗೆಲ್ಲ ಹೂವಮ್ಮ ಅವಳ ಭುಜ ಹಿಡಿದು ನೆಟ್ಟಗೆ ನಿಲ್ಲಿಸುತ್ತಿದ್ದಳು.

ಅರವತ್ತಾರನೇ ಇಸವಿ. ತರಬೇತಿಯ ಕೊನೆಗೆ ಎಲ್ಲಾದರೂ ಶಿಶುವಿಹಾರ ನಡೆಸಿ ತೋರಿಸಬೇಕಿತ್ತು. ಹೂವಮ್ಮ ಹಟ ಹಿಡಿದು ತನ್ನೂರನ್ನೇ ಕೇಳಿ ಪಡೆದಳು. ತಮ್ಮ ಅಲ್ಲಿ ನಿಂತರೆ ಕನ್ನಿಯನ್ನು ಶಾಲೆಗೆ ಕಳಿಸುತ್ತೇನೆ ಎಂದು ಅಪ್ಪನೂ ಒಪ್ಪಿದ. ಭಜನೆ ಮನೆಯಲ್ಲಿ ಹುಣಸೆಬೀಜ, ತೆಂಗಿನ ಚಿಪ್ಪು, ಅಡಿಕೆ ಹಾಳೆ ಹರಡಿಕೊಂಡು ಕೂತಳು. ಮಕ್ಕಳು ಬಂದವು, ಅಕ್ಕಂದಿರು ಬೆನ್ನು ತಿರುಗಿಸಿದ್ದೇ ಸೂರು ಹಾರುವಂತೆ ಅತ್ತವು. ಕಾಲೇಜಿನಲ್ಲಿ ಕಲಿತ ಹಾಡು ಒಂದೂ ನಡೆಯಲಿಲ್ಲ. ಕನ್ನಿ ಎತ್ತಿಕೊಂಡರೆ ಮಾತ್ರ ಸುಮ್ಮನಾಗುತ್ತಿದ್ದವು. ಮಕ್ಕಳು ಒಗ್ಗುವ ತನಕ ಇರಲಿ ಎಂದು ತಂಗಿಯನ್ನು ಜೊತೆಗೆ ಇಟ್ಟುಕೊಂಡಳು.

ದೊಡ್ಡವರ ಬೆಂಬಲವಿಲ್ಲದೆ ಇಂಥದ್ದು ಉಳಿಯುವುದಿಲ್ಲ, ಯಾರನ್ನಾದರೂ ಕರೆಸು ಎಂದು ವಿಶಾಲಮ್ಮ ಹೇಳಿ ಕಳಿಸಿದ್ದರು. ಹೂವಮ್ಮ ಬಸ್ಸು ಹತ್ತಿ ತೀರ್ಥಹಳ್ಳಿಗೆ ಹೋಗಿ ಒಡೆಯರ ಹೆಂಡತಿ ಸುಬ್ಬಲಕ್ಷ್ಮಮ್ಮನವರನ್ನು ಕರೆದು ಬಂದಳು. ಅವರು ಬಂದು ಕುರ್ಚಿಯಲ್ಲಿ ಕೂತರು. ಹೊಸಬರ ಮುಖ ಕಂಡು ಮಕ್ಕಳು ರಾಗ ತೆಗೆದವು, ಕನ್ನಿ ಒಂದೊಂದನ್ನೇ ಸಮಾಧಾನ ಮಾಡಿದಳು. ಹೂವಮ್ಮನಿಗೆ ಹೆಮ್ಮೆ ತಡೆಯಲಿಲ್ಲ.

"ನನ್ನ ತಂಗಿ ಅಮ್ಮಾ. ಎಂಥಾ ಕೂಸಾದ್ರೂ ಇವ್ಳ ಕೈಯಲ್ಲಿ ಸುಮ್ನಾಗ್ತದೆ" ಅಂದಳು.

ಆ ನಾಲಿಗೆಗೆ ಆಗ ಏನು ಬಡಿದಿತ್ತೋ. ಸುಬ್ಬಲಕ್ಷ್ಮಮ್ಮನವರ ಮಗಳು ಹೆರಿಗೆಗೆ ಬಂದು, ತವರಲ್ಲೇ ಎಳೆಕೂಸು ಕಟ್ಟಿಕೊಂಡು ಹೈರಾಣಾಗಿದ್ದಳು. ವಾರ ಕಳೆಯುವುದರೊಳಗೆ ಗುತ್ಯಪ್ಪನಿಗೆ ಒಡೆಯರಿಂದ ಕರೆ ಬಂತು. ಕೂಸನ್ನು ನೋಡಿಕೊಳ್ಳಲು ಕನ್ನಿಯನ್ನು ಕಳಿಸಬೇಕಂತೆ ಎಂದು ಸಂಜೆ ಅವನು ಹೇಳಿದಾಗ ಹೂವಮ್ಮ ಕೈಲಿದ್ದ ಚೆಂಬು ಕೆಳಗಿಟ್ಟಳು.

"ಶಾಲಿಗೆ ಕಳಿಸ್ತೀನಿ ಅಂದಿದ್ಯಲ್ಲ ಅಪ್ಪ."

"ಅಂದಿದ್ದೆ. ಈಗ ಒಡೇರು ಬಾಯಿಬಿಟ್ಟು ಕೇಳಿದಾರೆ, ಹೆಂಗೆ ಇಲ್ಲ ಅನ್ಲಿ? ಅವ್ಳ ಸೊಂಟಾನೂ ಖಾಲಿ ಆತಲ್ಲ ಹೂವಿ."

ಅವನ ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ಜಗಳವಾದರೂ ಆಡಬಹುದಿತ್ತು.

ಕನ್ನಿ ತೀರ್ಥಹಳ್ಳಿಗೆ ಹೋದ ಮೇಲೆ ಮಕ್ಕಳು ನಿಧಾನಕ್ಕೆ ಒಗ್ಗಿದವು. ತಪಾಸಣೆಗೆ ಬಂದ ವಿಶಾಲಮ್ಮ ಮೇಡಂ ಒಂದು ಮಗುವೂ ಅಳದಿರುವುದನ್ನು ನೋಡಿ ಬಾಯ್ತುಂಬ ಹೊಗಳಿದರು. ಹೂವಮ್ಮ ಮೊದಲನೇ ದರ್ಜೆಯಲ್ಲಿ ಪಾಸಾದಳು, ಅದೇ ಶಿಶುವಿಹಾರಕ್ಕೆ ಟೀಚರೂ ಆದಳು. ರಜೆಯ ದಿನ ತೀರ್ಥಹಳ್ಳಿಗೆ ಹೋದಳು. ಒಡೆಯರ ಹಿತ್ತಲಲ್ಲಿ ಕನ್ನಿ ಕೂಸನ್ನು ಸೊಂಟಕ್ಕೇರಿಸಿಕೊಂಡು ನಿಂತಿದ್ದಳು. ತಾನು ಒಡೆಯರ ಕಾಲಿಗೆ ಬಿದ್ದಾದರೂ ಬಿಡಿಸಿಕೊಂಡು ಹೋಗುತ್ತೇನೆ, ನಡಿ ಎಂದಳು ಹೂವಮ್ಮ. ಕನ್ನಿ ಬೇರೆಯೇ ಕೇಳಿದಳು.

"ತಮ್ಮ ನನ್ನ ಹುಡುಕ್ತಾನಾ ಅಕ್ಕ?"

ಸುಳ್ಳು ಹೇಳಬೇಕಿತ್ತು. ಮಗು ಒಗ್ಗಿತೋ ಇಲ್ಲವೋ ಎಂದು ದಿನಾ ನೋಡುವ ಅಭ್ಯಾಸಕ್ಕೆ ಬಿದ್ದಿದ್ದ ಹೂವಮ್ಮ ನಿಜವನ್ನೇ ಹೇಳಿಬಿಟ್ಟಳು.

"ಇಲ್ಲ. ಒಗ್ಗಿದಾನೆ."

ಕನ್ನಿ ಕೂಸಿನ ಮೂಗು ಒರೆಸಿದಳು.

"ಇದು ಹುಡುಕ್ತದೆ" ಎಂದು ಕೂಸನ್ನು ಇನ್ನೊಂದು ಸೊಂಟಕ್ಕೆ ಬದಲಾಯಿಸಿಕೊಂಡು ಒಳಗೆ ಹೋದಳು.