ಅಮ್ಮನ ಪ್ಲೇಟು

ಒತ್ತುಗುಂಡಿ ಬಿಚ್ಚಿದ ಹಾಗೆ ಟಪ್ ಅಂದಿತು, ಗ್ರಾಮಫೋನ್ ಪ್ಲೇಟಿನ ಮೇಲೆ ಸೂಜಿ ಇಳಿದದ್ದು, ಆಮೇಲೆ ಕರಕರ, ಆಮೇಲೆ ಹಾರ್ಮೋನಿಯಂ, ಆಮೇಲೆ ಆ ಹೆಣ್ಣುದನಿ, ಹದಿನಾಲ್ಕರ ಹುಡುಗಿಯದೇನೋ ಅನ್ನುವಷ್ಟು ಚೂಪು — ಅಯ್ಯೋ, ನಮ್ಮಮ್ಮ ಅಲ್ಲಪ್ಪ ಇದು, ಯಾವುದೋ ಇಲಿಮರಿ, ಎಂದರು ಮುದುಕಿ. ಎಂಬತ್ತೊಂದು ವರ್ಷ, ಮೂರು ಬಸ್ಸು ಬದಲಿಸಿ ಬಂದಿದ್ದಾರೆ, ನನ್ನದೊಂದು ಪ್ಲೇಟಿದೆ ಕಣೇ ಅಂತ ತಾಯಿ ಸಾಯುವವರೆಗೂ ಹೇಳುತ್ತಿದ್ದಳಂತೆ, ಯಾರೂ ನಂಬಲಿಲ್ಲ, ಮಗಳಾದ ಇವರೂ ನಂಬಲಿಲ್ಲ, ಈಗ ಅದೇ ಚುಚ್ಚುತ್ತಿದೆ. ನಮ್ಮ ಸಂಗ್ರಹದ ಈ ಪ್ಲೇಟಿನ ನಡುವಿನ ಚೀಟಿಯಲ್ಲಿ ಹೆಸರನ್ನು ಹುಳ ತಿಂದಿದೆ, ಇವರ ತಾಯಿಯ ಮನೆತನದ ಹೆಸರಷ್ಟೇ ಉಳಿದಿದೆ, ನಮಗೆ ಗೊತ್ತಿರುವ ಪ್ರತಿ ಇದೊಂದೇ, ಯಾರೆಂದು ತಿಳಿಯದಿದ್ದರೆ ಅಜ್ಞಾತ ಅಂತ ಬರೆದು ಮುಗಿಸ್ರೀ, ಸಂಜೆಗೆ ಪಟ್ಟಿ ಬೇಕು, ಎಂದಿದ್ದಾರೆ ಸಂಗ್ರಹಾಲಯದ ಮುಖ್ಯಸ್ಥರು. ವೇಗ, ವೇಗ ನೋಡಬೇಕಿತ್ತು, ಹಳೇ ಪ್ಲೇಟೆಲ್ಲ ನಿಮಿಷಕ್ಕೆ ಎಪ್ಪತ್ತೆಂಟು ಸುತ್ತು ಅಂತ ಹಾಕಿಬಿಡುತ್ತೇವೆ, ಅಂದಿನ ಧ್ವನಿಮುದ್ರಣ ಯಂತ್ರಗಳು ತಮಗೆ ತೋಚಿದಷ್ಟು ತಿರುಗುತ್ತಿದ್ದವು — ತಿರುಪು ತಿರುಗಿಸಿದೆ, ದನಿ ಇಳಿಯಿತು, ಹಾಂ, ಇನ್ನೂ ಸ್ವಲ್ಪ ಇಳಿಸಪ್ಪ, ಇನ್ನೊಂಚೂರು ಇಳಿಸಿದ್ರೆ ಅಮ್ಮನೇ, ಅಂದರು, ನನ್ನ ಕೈ ನಿಂತಿತು, ಹೀಗೆ ಇಳಿಸುತ್ತ ಹೋದರೆ ಯಾರನ್ನಾದರೂ ಅವರ ತಾಯಿ ಮಾಡಬಹುದು, ನನ್ನ ತಾಯಿಯನ್ನೂ. ಕಿವಿಯಲ್ಲದ ಸಾಕ್ಷಿ ಬೇಕು. ನಿಮ್ಮನೇಲಿ ಹಾರ್ಮೋನಿಯಂ ಇತ್ತೇನಮ್ಮ? ಅಮ್ಮಂದು, ಈಗಲೂ ಇದೆ, ಅದರ ಮೇಲೆ ಟಿವಿ ಕೂತಿದೆ. ಫೋನು ಹಚ್ಚಿದೆವು, ಮೊಮ್ಮಗಳು ಟಿವಿ ಇಳಿಸಿದ ಸದ್ದು, ಗೊಣಗಾಟ, ಯಾವ ಕೀ ಒತ್ಲಿ ಅಜ್ಜಿ, ಎಲ್ಲಾನೂ ಸಾಲಾಗಿ ಒತ್ತೇ ತಾಯಿ, ಒತ್ತಿದಳು, ನಾಲ್ಕನೇ ಬಿಳಿ ಕೀ ತುಸು ಇಳಿದು ನುಡಿಯುತ್ತದೆ, ಹುಳಿ ಹುಳಿ, ಪ್ಲೇಟಿನಲ್ಲೂ ಅದೇ ಸ್ವರ ಅಷ್ಟೇ ಇಳಿದಿದೆ, ವೇಗ ಎಷ್ಟಾದರೂ ಇರಲಿ ಸ್ವರ ಸ್ವರದ ನಡುವಿನ ಅಂತರ ಬದಲಾಗದು, ಮೂರು ಸಲ ಅಳೆದೆ, ಇಷ್ಟು ವರ್ಷ ಒಳಗಿನ ಹಿತ್ತಾಳೆ ನಾಲಿಗೆ, ರೀಡು, ಹಾಗೇ ಉಳಿಯುತ್ತದಾ, ಹೆಚ್ಚುಕಡಿಮೆ ಉಳಿಯುತ್ತದೆ, ಅದೇ ಹಾರ್ಮೋನಿಯಂ ಪೆಟ್ಟಿಗೆ, ಅನುಮಾನವಿಲ್ಲ, ಇನ್ನು ಅದರ ಶ್ರುತಿಗೆ ಪ್ಲೇಟು ಕೂಡಿಸಿದರೆ ವೇಗ ಅರವತ್ತೆಂಟು. ಸೂಜಿ ಇಳಿಸಿದೆ. ತುಂಬು ದನಿ, ಕೋಣೆಯ ತುದಿವರೆಗೆ ನಡೆದುಬರುವ ದನಿ, ಇದು ದೊಡ್ಡಮ್ಮ ಕಣಪ್ಪ, ಅಂದರು ಮುದುಕಿ, ಅಮ್ಮನ ಅಕ್ಕ, ನನಗೆ ಎಂಟು ತುಂಬೋವರೆಗೂ ಇದ್ಲು, ಊಟಕ್ಕೆ ಕರೆದ್ರೆ ಬೀದಿಗೆಲ್ಲ ಕೇಳೋದು, ಹಾಡಿದ್ದು ಮಾತ್ರ ಒಂದಿನಾನೂ ಕೇಳಿಲ್ಲ. ಹಾಗಾದರೆ ನಿಮ್ಮಮ್ಮ? ಪೆಟ್ಟಿಗೆ ಮುಟ್ಟೋಕೆ ಅಮ್ಮ ಯಾರಿಗೂ ಬಿಡ್ತಿರಲಿಲ್ಲ, ಅವಳೇ ಬಾರಿಸ್ತಿರೋದು, ಸುಳ್ಳು ಹೇಳಿರಲಿಲ್ಲ ನೋಡು ಅವಳು. ಹಾಡಿದ್ದು ಅಕ್ಕ, ನುಡಿಸಿದ್ದು ತಂಗಿ, ಮಗಳ ಹೇಳಿಕೆ ಎಂದು ಕೆಳಗೆ ಸೇರಿಸಬೇಕು, ಬರೆಯುತ್ತಿದ್ದೇನೆ — ಇನ್ನೊಂದ್ಸಲ ಹಾಕು, ಹಾಡು ಬೇಡ, ಅಮ್ಮನ್ನ ಮಾತ್ರ ಕೇಳಿಸು, ಎನ್ನುತ್ತಾರೆ, ಅದು ಹೇಗಾಗುತ್ತದಮ್ಮ ಅನ್ನಬೇಕಿತ್ತು, ಹಾಕಿದೆ, ದೊಡ್ಡ ದನಿಯ ಅಡಿಯಲ್ಲಿ ಕಿವಿ ಇಟ್ಟರೆ ಸಿಗುತ್ತಾಳೆ, ಹುಳಿ ಸ್ವರ ಬಂದಾಗ ಬೆರಳು ಮುಟ್ಟಿ ತಟ್ಟನೆ ಬಿಡುತ್ತದೆ, ಬಿಸಿ ಪಾತ್ರೆ ತಾಗಿದ ಹಾಗೆ, ಪೆಟ್ಟಿಗೆಯ ತಪ್ಪು ಅಕ್ಕನ ಹಾಡಿಗೆ ಅಂಟಬಾರದು ಅಂತ, ಪ್ರತಿ ಸಾಲಿನಲ್ಲೂ, ಒಂದು ಬೆರಳು, ಮುಟ್ಟಿತು, ಬಿಟ್ಟಿತು, ಮುಟ್ಟಿತು —